ಸಿ.ಬಿ. ಮುತ್ತಮ್ಮ: ಕೊಡಗಿನ ರಾಯಭಾರಿಯ ಬದುಕು ಮತ್ತು ವೃತ್ತಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆಲ್ಲ ಸಿ.ಬಿ. ಮುತ್ತಮ್ಮ ಎಂಬ ಹೆಸರು ಒಂದು ಅಂಕದ ಉತ್ತರವಾಗಿ ಗೊತ್ತು. ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ ಯಾರು? ಮುತ್ತಮ್ಮ. ಅಲ್ಲಿಗೆ ಮುಗಿಯಿತು. ಆ ಒಂದು ಅಂಕದಾಚೆ ಏನಿದೆ ಎಂದು ಕೇಳುವವರಿಗಾಗಿ ಇದನ್ನು ಬರೆದಿದ್ದೇನೆ. ಅವರು ಮೊದಲಿಗರಾದದ್ದಕ್ಕಿಂತ, ನೌಕರಿಯಲ್ಲಿದ್ದುಕೊಂಡೇ ಆ ನೌಕರಿಯ ನಿಯಮಗಳನ್ನು ಸುಪ್ರೀಂ ಕೋರ್ಟಿಗೆ ಒಯ್ದದ್ದು ದೊಡ್ಡದು ಎಂದು ನಾನು ನಂಬಿದ್ದೇನೆ. ಹಾಗಾಗಿ ಮೊಕದ್ದಮೆಯ ಭಾಗವೇ ಇಲ್ಲಿ ಹೆಚ್ಚು ಜಾಗ ಹಿಡಿದಿದೆ.

ಮುತ್ತಮ್ಮನವರು ಎಲ್ಲಿಯವರು?

ಕೊಡಗಿನ ವಿರಾಜಪೇಟೆಯವರು. ಹುಟ್ಟಿದ್ದು 1924ರ ಜನವರಿ 24ರಂದು. ಪೂರ್ತಿ ಹೆಸರು ಚೋನಿರ ಬೆಳ್ಯಪ್ಪ ಮುತ್ತಮ್ಮ. ಕೊಡವರಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಮೊದಲು ಬರುತ್ತದೆ, ಚೋನಿರ ಎಂಬುದು ಅದು. ಅವರು ಹುಟ್ಟಿದಾಗ ಕೊಡಗು ಮೈಸೂರು ಸಂಸ್ಥಾನಕ್ಕೆ ಸೇರಿರಲಿಲ್ಲ, ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪುಟ್ಟ ಪ್ರಾಂತ್ಯವಾಗಿತ್ತು. ಅದು ಮೈಸೂರು ರಾಜ್ಯದೊಳಗೆ ಬಂದದ್ದು 1956ರಲ್ಲಿ. ಆ ವೇಳೆಗೆ ಮುತ್ತಮ್ಮನವರು ವಿದೇಶಾಂಗ ಸೇವೆಗೆ ಸೇರಿ ಏಳು ವರ್ಷವಾಗಿತ್ತು.

ಮನೆಯ ಪರಿಸ್ಥಿತಿ ಹೇಗಿತ್ತು? ಓದಿದ್ದು ಎಲ್ಲಿ?

ತಂದೆ ಅರಣ್ಯಾಧಿಕಾರಿ. ಮುತ್ತಮ್ಮನಿಗೆ ಒಂಬತ್ತು ವರ್ಷವಾಗಿದ್ದಾಗ ಅವರು ತೀರಿಕೊಂಡರು. ನಾಲ್ಕು ಮಕ್ಕಳನ್ನೂ ಓದಿಸಲೇಬೇಕೆಂದು ಹಟ ಹಿಡಿದವರು ತಾಯಿ. ಇಂಥ ಜೀವನಚರಿತ್ರೆಗಳಲ್ಲಿ ತಾಯಂದಿರಿಗೆ ಒಂದೇ ಸಾಲು ಸಿಗುವುದು ನನಗೆ ಯಾವಾಗಲೂ ನೋವಿನ ಸಂಗತಿ. ಆ ಕಾಲದಲ್ಲಿ ಗಂಡನಿಲ್ಲದ ಮನೆಯನ್ನು ನಡೆಸಿಕೊಂಡು, ಮಗಳನ್ನು ಪದವಿ ಓದಲು ಮದರಾಸಿಗೆ ಕಳಿಸುವುದೆಂದರೆ ಸಣ್ಣ ಮಾತಲ್ಲ.

ಶಾಲೆ ಮಡಿಕೇರಿಯ ಸೇಂಟ್ ಜೋಸೆಫ್ ಬಾಲಕಿಯರ ಶಾಲೆ. ಪದವಿ ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ, ಅಲ್ಲಿ ಮೂರು ಚಿನ್ನದ ಪದಕ ಪಡೆದರು. ಆಮೇಲೆ ಅದೇ ಊರಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ.

ವಿದೇಶಾಂಗ ಸೇವೆಗೆ ಹೇಗೆ ಬಂದರು?

ಪರೀಕ್ಷೆ ಬರೆದು. ಭಾರತೀಯ ವಿದೇಶಾಂಗ ಸೇವೆಯನ್ನು ಸ್ಥಾಪಿಸಲು ಸರ್ಕಾರ ತೀರ್ಮಾನಿಸಿದ್ದು 1946ರ ಅಕ್ಟೋಬರ್ 9ರಂದು, ಸ್ವಾತಂತ್ರ್ಯಕ್ಕೆ ಇನ್ನೂ ಹತ್ತು ತಿಂಗಳಿದ್ದಾಗ. ಸ್ವಾತಂತ್ರ್ಯ ಬಂದ ಮೇಲೆ ಹೊಸ ದೇಶಕ್ಕೆ ಊರೂರಲ್ಲಿ ರಾಯಭಾರ ಕಚೇರಿ ತೆರೆಯಬೇಕಿತ್ತು, ಅಧಿಕಾರಿಗಳು ಸಾಲುತ್ತಿರಲಿಲ್ಲ. ಬ್ರಿಟಿಷರ ಕಾಲದ ನಾಗರಿಕ ಸೇವೆಯಾದ ಐಸಿಎಸ್‌ನವರು, ಸೇನೆಯಿಂದ ಬಂದವರು, ರಾಜಮನೆತನಗಳವರು, ಹೀಗೆ ಬೇರೆ ಬೇರೆ ಕಡೆಯಿಂದ ಜನರನ್ನು ಕಲೆಹಾಕಲಾಯಿತು. ಅದರ ಜೊತೆಗೆ ಲೋಕಸೇವಾ ಆಯೋಗದ ಪರೀಕ್ಷೆಯ ಮೂಲಕ ಎಳೆಯರ ನೇಮಕವೂ ಶುರುವಾಯಿತು.

ಮುತ್ತಮ್ಮನವರು 1948ರಲ್ಲಿ ಆ ಪರೀಕ್ಷೆಯಲ್ಲಿ ಆಯ್ಕೆಯಾದರು. ನಾಗರಿಕ ಸೇವಾ ಪರೀಕ್ಷೆ ಪಾಸು ಮಾಡಿದ ಮೊದಲ ಭಾರತೀಯ ಮಹಿಳೆ ಅವರು. ವಿದೇಶಾಂಗ ಸೇವೆಗೆ ಆಯ್ಕೆಯಾದವರ ಪಟ್ಟಿಯಲ್ಲಿ ಅವರ ಹೆಸರೇ ಮೇಲಿತ್ತು. 1949ರಲ್ಲಿ ಸೇವೆಗೆ ಸೇರಿದರು.

ಸಂದರ್ಶನದಲ್ಲಿ ಅವರಿಗೆ ಬೇಕೆಂದೇ ಕಡಿಮೆ ಅಂಕ ಕೊಟ್ಟರಂತೆ, ಹೌದೇ?

ಇದು ಬರೀ ಗಾಳಿಮಾತಲ್ಲ. ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯಲ್ಲಿ ಮುತ್ತಮ್ಮನವರೇ ಈ ಮಾತು ಹೇಳಿದ್ದಾರೆ. ವಿದೇಶಾಂಗ ಸೇವೆ ಬೇಡ ಎಂದು ಆಯೋಗದ ಅಧ್ಯಕ್ಷರು ತಮ್ಮ ಮನ ಒಲಿಸಲು ನೋಡಿದರು, ಮೌಖಿಕ ಪರೀಕ್ಷೆಯಲ್ಲಿ ಕನಿಷ್ಠ ಅಂಕ ಬೀಳುವಂತೆ ತಮ್ಮ ಪ್ರಭಾವ ಬಳಸಿದ್ದಾಗಿ ಮುಂದೊಮ್ಮೆ ಅವರೇ ಬಾಯಿಬಿಟ್ಟು ಹೇಳಿದರು ಎಂಬುದು ಅರ್ಜಿಯ ಒಕ್ಕಣೆ. ಇದು ಅರ್ಜಿದಾರರ ಆರೋಪ, ನ್ಯಾಯಾಲಯ ವಿಚಾರಣೆ ಮಾಡಿ ಸಾಬೀತಾಯಿತು ಎಂದದ್ದಲ್ಲ. ಆದರೆ ಸೇವೆಯಲ್ಲಿದ್ದ ಹಿರಿಯ ಅಧಿಕಾರಿಯೊಬ್ಬರು ಅದನ್ನು ದೇಶದ ಅತ್ಯುನ್ನತ ನ್ಯಾಯಾಲಯದ ಮುಂದೆ ಲಿಖಿತವಾಗಿ ಇಟ್ಟರು, ತೀರ್ಪಿನಲ್ಲೂ ಅದು ದಾಖಲಾಗಿದೆ. ಕನಿಷ್ಠ ಅಂಕ ಕೊಟ್ಟಿದ್ದರೂ ಪಟ್ಟಿಯ ಮೇಲ್ತುದಿಗೆ ಬಂದರೆಂದರೆ ಲಿಖಿತ ಪರೀಕ್ಷೆ ಹೇಗೆ ಬರೆದಿರಬೇಕು ನೋಡಿ!

ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಬರೆಸಿಕೊಂಡಿದ್ದರೇ?

ಹೌದು. ಸೇವೆಗೆ ಸೇರುವಾಗಲೇ ಅಂಥ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡರು. ಜೊತೆಗೆ ಸೇರಿದ ಗಂಡಸರಿಗೆ ಈ ಷರತ್ತು ಇರಲಿಲ್ಲ. ಇದು ವಿದೇಶಾಂಗ ಸೇವೆಯೊಂದರ ರೋಗವೂ ಆಗಿರಲಿಲ್ಲ. 1951ರಲ್ಲಿ ಐಎಎಸ್ ಸೇರಿದ ಮೊದಲ ಮಹಿಳೆ ಅನ್ನಾ ರಾಜಂ ಅವರ ನೇಮಕಾತಿಯಲ್ಲೂ ಮದುವೆಯಾದರೆ ಕೆಲಸ ಹೋಗುತ್ತದೆ ಎಂಬ ಷರತ್ತಿತ್ತು.

ಸಂವಿಧಾನ ಜಾರಿಗೆ ಬಂದದ್ದು 1950ರಲ್ಲಿ. ಲಿಂಗದ ಕಾರಣಕ್ಕೆ ತಾರತಮ್ಯ ಮಾಡಕೂಡದೆಂದು 15ನೇ ವಿಧಿ, ಸರ್ಕಾರಿ ಉದ್ಯೋಗದಲ್ಲಿ ಎಲ್ಲರಿಗೂ ಸಮಾನ ಅವಕಾಶ ಎಂದು 16ನೇ ವಿಧಿ ಸಾರಿದ ಮೇಲಾದರೂ ಈ ಷರತ್ತು ಬಿದ್ದುಹೋಗಬೇಕಿತ್ತು. ಹಾಗಾಗಲಿಲ್ಲ. 1961ರಲ್ಲಿ ಹೊಸ ನಿಯಮಾವಳಿ ಬರೆದಾಗ ಅದೇ ಮನೋಭಾವವನ್ನು ಇನ್ನಷ್ಟು ಬಿಗಿಯಾದ ಕಾನೂನಿನ ಭಾಷೆಯಲ್ಲಿ ಸೇರಿಸಿದರು.

ವಿಜಯಲಕ್ಷ್ಮಿ ಪಂಡಿತ್ ಅದಕ್ಕಿಂತ ಮುಂಚೆಯೇ ರಾಯಭಾರಿ ಆಗಿದ್ದರಲ್ಲವೇ?

ಆಗಿದ್ದರು. 1947ರಲ್ಲಿ ಮಾಸ್ಕೋಗೆ, 1949ರಲ್ಲಿ ವಾಷಿಂಗ್ಟನ್‌ಗೆ ಹೋದರು, 1953ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಅಧ್ಯಕ್ಷರಾದರು. ಆದರೆ ಅವರದು ರಾಜಕೀಯ ನೇಮಕ. ಪರೀಕ್ಷೆ ಬರೆದು ಕೆಳಗಿನ ಹುದ್ದೆಗೆ ಸೇರಿ, ಒಂದೊಂದೇ ಮೆಟ್ಟಿಲು ಹತ್ತಿ ರಾಯಭಾರಿಯಾದ ಮೊದಲ ಮಹಿಳೆ ಮುತ್ತಮ್ಮ. ಪಂಡಿತರ ಸಾಧನೆ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಪ್ರಧಾನಿಯ ತಂಗಿಗೆ ತೆರೆದ ಬಾಗಿಲು ವಿರಾಜಪೇಟೆಯ ಹುಡುಗಿಗೆ ತಾನಾಗಿ ತೆರೆಯಲಿಲ್ಲ ಎಂಬುದನ್ನು ಮರೆಯಬಾರದು.

ಎಲ್ಲೆಲ್ಲಿ ಕೆಲಸ ಮಾಡಿದರು?

ಮೊದಲ ಪೋಸ್ಟಿಂಗ್ ಪ್ಯಾರಿಸ್. ಆಮೇಲೆ ಬರ್ಮಾದ ರಂಗೂನ್, ಲಂಡನ್. ನಡುವೆ ದೆಹಲಿಯಲ್ಲಿ ಸಚಿವಾಲಯದ ಪಾಕಿಸ್ತಾನ ಮತ್ತು ಅಮೆರಿಕ ವಿಭಾಗಗಳಲ್ಲಿ ಕೆಲಸ. 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಬುಡಾಪೆಸ್ಟ್‌ಗೆ ಹೋದರು. ಅಲ್ಲಿಂದ ಮುಂದೆ ಘಾನಾದ ಅಕ್ರಾ, ಕೊನೆಗೆ ನೆದರ್‌ಲೆಂಡ್ಸ್‌ನ ಹೇಗ್. ಘಾನಾ ಕಾಮನ್‌ವೆಲ್ತ್ ದೇಶವಾದ್ದರಿಂದ ಅಲ್ಲಿ ಹುದ್ದೆಯ ಹೆಸರು ಹೈಕಮಿಷನರ್, ಕೆಲಸ ಮಾತ್ರ ರಾಯಭಾರಿಯದೇ.

ಈ ಪಟ್ಟಿಯನ್ನು ಸುಮ್ಮನೆ ಓದಿದರೆ ದೇಶ ಸುತ್ತಿದ ಹಾಗೆ ಕಾಣುತ್ತದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ದೆಹಲಿಯಲ್ಲಿ ಪಾಕಿಸ್ತಾನ ವಿಭಾಗವೆಂದರೆ ನಿರಾಶ್ರಿತರು, ಆಸ್ತಿ, ಗಡಿ, ಕಾಶ್ಮೀರ, ನದಿ ನೀರು, ಎಲ್ಲವೂ ಒಂದೇ ಮೇಜಿಗೆ ಬರುತ್ತಿದ್ದ ಜಾಗ. ರಂಗೂನ್‌ನಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಲಕ್ಷಾಂತರ ಭಾರತೀಯರ ಭವಿಷ್ಯದ ಪ್ರಶ್ನೆಯಿತ್ತು. ಹೆಣ್ಣೆಂಬ ಕಾರಣಕ್ಕೆ ಇವರನ್ನು ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಮೀಸಲಿಟ್ಟಿದ್ದರು ಎಂದು ಯಾರಾದರೂ ಭಾವಿಸಿದ್ದರೆ ಈ ಹುದ್ದೆಗಳನ್ನೊಮ್ಮೆ ನೋಡಬೇಕು.

ರಾಯಭಾರಿಯ ಕೆಲಸವೆಂದರೆ ನಿಜವಾಗಿ ಏನು?

ಪಾರ್ಟಿ, ಕೈಕುಲುಕುವುದು, ಫೋಟೋ ಇವು ಹೊರಗೆ ಕಾಣುವ ಭಾಗ. ಒಳಗಿನ ಕೆಲಸ ಬಹುಪಾಲು ಓದುವುದು, ಕೇಳಿಸಿಕೊಳ್ಳುವುದು, ಬರೆಯುವುದು. ತಾನಿರುವ ದೇಶದಲ್ಲಿ ಏನಾಗುತ್ತಿದೆ, ಯಾರ ಕೈ ಮೇಲಾಗುತ್ತಿದೆ, ಅದರಿಂದ ನಮಗೇನು ಎಂದು ಅಳೆದು ದೆಹಲಿಗೆ ವರದಿ ಮಾಡಬೇಕು. ದೆಹಲಿಯ ನಿಲುವನ್ನು ಆ ದೇಶದ ಸರ್ಕಾರಕ್ಕೆ ಮನವರಿಕೆ ಮಾಡಬೇಕು. ವ್ಯಾಪಾರ ಕುದುರಿಸಬೇಕು. ಸಂಕಟಕ್ಕೆ ಸಿಕ್ಕ ನಮ್ಮವರಿಗೆ ಪಾಸ್‌ಪೋರ್ಟ್‌ನಿಂದ ಹಿಡಿದು ಶವ ಸಾಗಣೆಯವರೆಗೆ ನೆರವಾಗಬೇಕು. ಆತಿಥೇಯ ದೇಶ ಮೊದಲು ಒಪ್ಪಿಗೆ ಕೊಟ್ಟ ಮೇಲೆಯೇ ರಾಯಭಾರಿಯ ಹೆಸರು ಪ್ರಕಟವಾಗುತ್ತದೆ. ಹೋದವರು ಅಲ್ಲಿನ ರಾಷ್ಟ್ರಮುಖ್ಯಸ್ಥರಿಗೆ ಅಧಿಕಾರಪತ್ರ ಒಪ್ಪಿಸಿದ ಬಳಿಕ ಪೂರ್ಣ ಪ್ರಮಾಣದಲ್ಲಿ ಕೆಲಸ ಶುರು.

ಮುತ್ತಮ್ಮನವರು ಬುಡಾಪೆಸ್ಟ್‌ಗೆ ಹೋದಾಗ ಹಂಗೇರಿ ಸೋವಿಯತ್ ಬಣದಲ್ಲಿತ್ತು. ಪೂರ್ವ ಯುರೋಪಿನ ದೇಶಗಳ ಜೊತೆ ಭಾರತ ಡಾಲರ್ ಬದಲು ರೂಪಾಯಿಯಲ್ಲಿ ಲೆಕ್ಕ ಹಾಕಿ ವ್ಯಾಪಾರ ನಡೆಸುತ್ತಿದ್ದ ಕಾಲ ಅದು. ವಿದೇಶಿ ವಿನಿಮಯದ ಬರ ಇದ್ದ ದೇಶಕ್ಕೆ ಆ ಏರ್ಪಾಡು ಎಷ್ಟು ಮುಖ್ಯವಾಗಿತ್ತೆಂದು ಈಗಿನವರಿಗೆ ಊಹಿಸುವುದೂ ಕಷ್ಟ.

ಅಷ್ಟು ಮೇಲೆ ಏರಿದ ಮೇಲೂ ಸುಪ್ರೀಂ ಕೋರ್ಟಿಗೆ ಹೋದದ್ದು ಏಕೆ?

ಬಡ್ತಿ ತಪ್ಪಿತು, ಅದಕ್ಕೆ. ವಿದೇಶಾಂಗ ಸೇವೆಯ ಒಂದನೇ ಶ್ರೇಣಿಗೆ ಅವರನ್ನು ಪರಿಗಣಿಸಿ, ಅರ್ಹತೆ ಸಾಲದೆಂದು ಕೈಬಿಟ್ಟರು. ಅವರಿಗಿಂತ ಕಿರಿಯರು ಮುಂದೆ ಹೋದರು. ಮೂರು ದಶಕದ ಹತ್ತಿರ ಸೇವೆ ಮಾಡಿ, ಎರಡು ದೇಶಗಳಲ್ಲಿ ಭಾರತದ ಪ್ರತಿನಿಧಿಯಾಗಿದ್ದವರಿಗೆ ಅರ್ಹತೆ ಇಲ್ಲ ಎಂದರೆ ಅದರ ಅರ್ಥವೇನು? ಇದು ತಮ್ಮೊಬ್ಬರ ಪ್ರಶ್ನೆಯಲ್ಲ, ಸೇವೆಯಲ್ಲಿ ಮೊದಲಿನಿಂದಲೂ ಹೆಂಗಸರ ವಿರುದ್ಧ ಪಕ್ಷಪಾತವಿದೆ, ನಿಯಮಗಳಲ್ಲೇ ಅದು ಕುಳಿತಿದೆ ಎಂದು ಅವರು ವಾದಿಸಿದರು.

ಹಾಲಿ ಅಧಿಕಾರಿ ತನ್ನ ಸರ್ಕಾರದ ಮೇಲೆಯೇ ರಿಟ್ ಅರ್ಜಿ ಹಾಕುವುದು ಎಂಥ ನಿರ್ಧಾರ ಎಂಬುದು ಸರ್ಕಾರಿ ನೌಕರಿಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಿಲ್ಲ. ನಿವೃತ್ತಿಯಾದ ಮೇಲೆ ಆತ್ಮಕಥೆಯಲ್ಲಿ ಬರೆಯೋಣ ಎಂದು ಹಲ್ಲುಕಚ್ಚಿ ಕೂರುವವರೇ ಹೆಚ್ಚು. ಮುತ್ತಮ್ಮ ಕಾಯಲಿಲ್ಲ.

ಅವರು ಪ್ರಶ್ನಿಸಿದ ನಿಯಮಗಳಲ್ಲಿ ಏನಿತ್ತು?

ಎರಡು ನಿಯಮಗಳು. ಎರಡೂ 1961ರವು.

ನಡತೆ ಮತ್ತು ಶಿಸ್ತು ನಿಯಮಾವಳಿಯ 8(2)ನೇ ನಿಯಮದ ಪ್ರಕಾರ ಸೇವೆಯಲ್ಲಿರುವ ಮಹಿಳೆ ಮದುವೆಗೆ ಮುಂಚೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೂ, ಆಕೆಯ ಸಂಸಾರದ ಜವಾಬ್ದಾರಿಗಳು ಕೆಲಸಕ್ಕೆ ಅಡ್ಡಿಯಾಗಬಹುದು ಎಂದು ಸರ್ಕಾರಕ್ಕೆ ಅನಿಸಿದರೆ ಯಾವಾಗ ಬೇಕಾದರೂ ರಾಜೀನಾಮೆ ಕೇಳಬಹುದು. ಅಡ್ಡಿಯಾಗಿದೆ ಎಂದು ತೋರಿಸಬೇಕಿಲ್ಲ, ಆಗಬಹುದು ಎಂದರೆ ಸಾಕು.

ನೇಮಕಾತಿ ನಿಯಮಾವಳಿಯ 18(4)ನೇ ನಿಯಮ ಇನ್ನೂ ನೇರ: ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕಿಲ್ಲ. ಅಂದರೆ ಪರೀಕ್ಷೆಯಲ್ಲಿ ಎಷ್ಟೇ ಚೆನ್ನಾಗಿ ಬರೆದಿದ್ದರೂ ಕೊರಳಲ್ಲಿ ತಾಳಿ ಇದ್ದರೆ ನೇಮಕ ಸರ್ಕಾರದ ಮರ್ಜಿ.

ಕೋರ್ಟು ಏನು ಹೇಳಿತು?

1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಪಿ.ಎನ್. ಸಿಂಘಾಲ್ ಅವರ ಪೀಠ ತೀರ್ಪು ಕೊಟ್ಟಿತು. ಬರೆದವರು ಕೃಷ್ಣ ಅಯ್ಯರ್. ಕಾನೂನಿನ ಮುಂದೆ ಎಲ್ಲರೂ ಸಮಾನರೆನ್ನುವ ಸಂವಿಧಾನದ 14ನೇ ವಿಧಿ ಮತ್ತು 16ನೇ ವಿಧಿಗಳು ಕಟ್ಟುಕಥೆಯೋ ವಾಸ್ತವವೋ ಎಂಬ ಅನುಮಾನ ಈ ಅರ್ಜಿಯನ್ನು ಓದಿದರೆ ಬರುತ್ತದೆ ಎಂಬ ಧಾಟಿಯಲ್ಲೇ ತೀರ್ಪು ಆರಂಭವಾಗುತ್ತದೆ.

ಮದುವೆಯ ನಿಯಮದ ಬಗ್ಗೆ ಅವರ ತರ್ಕ ಸರಳವಾದದ್ದು, ಅದಕ್ಕೇ ಉತ್ತರವಿಲ್ಲದ್ದು. ಅಧಿಕಾರಿ ಹೆಣ್ಣಾದರೆ ಮದುವೆಯಿಂದ ಸರ್ಕಾರಕ್ಕೆ ಯಾವ ಅಪಾಯವಿದೆಯೋ ಗಂಡಾದರೂ ಅದೇ ಅಪಾಯವಿದೆ. ಸಂಸಾರದ ಹೊಣೆ ಹೆಣ್ಣಿನ ಕೆಲಸಕ್ಕೆ ಅಡ್ಡಬರಬಹುದಾದರೆ ಗಂಡಿನ ಕೆಲಸಕ್ಕೂ ಬರಬಹುದು. ಹಾಗಿರುವಾಗ ಒಬ್ಬರಿಗೆ ಮಾತ್ರ ಅನುಮತಿಯ ಕಟ್ಟು ಏಕೆ? ಸ್ವಾತಂತ್ರ್ಯ ಹೋರಾಟ ಹೆಣ್ಣಿನ ದಾಸ್ಯದ ವಿರುದ್ಧವೂ ನಡೆದ ಹೋರಾಟವಾಗಿತ್ತು ಎಂಬುದನ್ನು ನಿಯಮ ಬರೆದವರು ಮರೆತರು ಎಂದೂ ಅವರು ಬರೆದರು.

ಅದೇ ಉಸಿರಿನಲ್ಲಿ ಒಂದು ಎಚ್ಚರಿಕೆಯನ್ನೂ ಸೇರಿಸಿದರು. ಎಲ್ಲ ಕೆಲಸದಲ್ಲೂ ಎಲ್ಲ ಸಂದರ್ಭದಲ್ಲೂ ಗಂಡು ಹೆಣ್ಣು ಒಂದೇ ಎಂದು ಸಾರ್ವತ್ರಿಕವಾಗಿ ಹೇಳುತ್ತಿಲ್ಲ, ಆದರೆ ವ್ಯತ್ಯಾಸ ಮಾಡಲು ತೋರಿಸಬಹುದಾದ ಕಾರಣ ಇರಬೇಕು, ಇಲ್ಲದಿದ್ದರೆ ಸಮಾನತೆಯೇ ನಿಯಮ ಎಂದರು. ಈ ಕೊನೆಯ ಮಾತು ನನಗೆ ತೀರ್ಪಿನ ಅತ್ಯಂತ ಗಟ್ಟಿ ಭಾಗವಾಗಿ ಕಾಣುತ್ತದೆ. ಕಾರಣ ತೋರಿಸುವ ಹೊರೆ ಸರ್ಕಾರದ ಹೆಗಲಿಗೆ ಬಿತ್ತು.

ಆದರೆ ಅರ್ಜಿ ವಜಾ ಆಯಿತಲ್ಲ? ಗೆದ್ದರು ಎನ್ನುವುದು ಹೇಗೆ?

ಕಾನೂನು ವಿದ್ಯಾರ್ಥಿಗಳು ತಪ್ಪದೆ ಕೇಳುವ ಪ್ರಶ್ನೆ. ಕಾಗದದ ಮೇಲೆ ಅರ್ಜಿ ವಜಾ ಆದದ್ದು ನಿಜ. ಕಾರಣ, ತೀರ್ಪಿನ ಹೊತ್ತಿಗೆ ಕೇಳಿದ್ದೆಲ್ಲ ಹೆಚ್ಚುಕಡಿಮೆ ಕೈಗೂಡಿತ್ತು.

18(4)ನೇ ನಿಯಮವನ್ನು 1973ರ ನವೆಂಬರ್‌ನಲ್ಲೇ ತೆಗೆದಿದ್ದೇವೆ, 8(2)ನ್ನು ತೆಗೆಯುವ ಅಧಿಸೂಚನೆ ಗೆಜೆಟ್‌ನಲ್ಲಿ ಬರಲಿದೆ ಎಂದು ಸರ್ಕಾರ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿತು. ಇಲ್ಲದ ನಿಯಮವನ್ನು ರದ್ದು ಮಾಡುವ ಪ್ರಶ್ನೆ ಬರುವುದಿಲ್ಲವಲ್ಲ. ಇನ್ನು ಬಡ್ತಿ: ಅರ್ಜಿ ದಾಖಲಾದ ಮೇಲೆ, ಕೆಲವೇ ತಿಂಗಳ ಹಿಂದೆ ಅರ್ಹತೆ ಸಾಲದು ಎನಿಸಿಕೊಂಡಿದ್ದ ಅದೇ ಅಧಿಕಾರಿ ಅರ್ಹರಾಗಿ ಕಂಡರು, ಬಡ್ತಿ ಸಿಕ್ಕಿತು. ಈ ಕಾಕತಾಳೀಯವನ್ನು ನ್ಯಾಯಾಲಯ ಗಮನಿಸದೆ ಬಿಡಲಿಲ್ಲ. ಆ ನಡುವಿನ ತಿಂಗಳುಗಳಲ್ಲಿ ಕಿರಿಯರು ಮುಂದೆ ಹೋಗಿ ಮುತ್ತಮ್ಮನವರ ಜ್ಯೇಷ್ಠತೆಗೆ ಆದ ಪೆಟ್ಟನ್ನು ಮರುಪರಿಶೀಲಿಸಬೇಕೆಂದು ಸರ್ಕಾರಕ್ಕೆ ಹೇಳಿತು. ಅರ್ಜಿಯನ್ನು ವಜಾ ಮಾಡುತ್ತಿದ್ದೇವೆ, ಸಮಸ್ಯೆಯನ್ನಲ್ಲ ಎಂಬರ್ಥದ ಮಾತಿನೊಂದಿಗೆ ತೀರ್ಪು ಮುಗಿಯುತ್ತದೆ.

ಅದಕ್ಕಿಂತ ದೂರ ಹೋದ ಮಾತು ಇನ್ನೊಂದಿದೆ. ಯಾರಾದರೂ ರಿಟ್ ಹಾಕಲಿ ಆಮೇಲೆ ನೋಡೋಣ ಎಂದು ಕೂರದೆ, ಎಲ್ಲ ಸೇವಾ ನಿಯಮಗಳನ್ನೂ ಜಾಲಾಡಿ ಲಿಂಗ ತಾರತಮ್ಯದ ಕಲೆಯನ್ನು ತೊಳೆಯಿರಿ ಎಂದು ಪೀಠ ಸರ್ಕಾರಕ್ಕೆ ತಾಕೀತು ಮಾಡಿತು. ಒಬ್ಬರ ಬಡ್ತಿಯ ಮೊಕದ್ದಮೆ ಸೇವೆಗಳೆಲ್ಲದರ ಪ್ರಶ್ನೆಯಾದದ್ದು ಹೀಗೆ.

ಆಮೇಲೆ ನಿಜಕ್ಕೂ ಬದಲಾಯಿತೇ?

ವಿದೇಶಾಂಗ ಸೇವೆಯಲ್ಲಿ ಬದಲಾಯಿತು. ಚೋಕಿಲಾ ಅಯ್ಯರ್ 2001ರಲ್ಲಿ ಮೊದಲ ಮಹಿಳಾ ವಿದೇಶಾಂಗ ಕಾರ್ಯದರ್ಶಿಯಾದರು. 2009ರ ಆಗಸ್ಟ್‌ನಲ್ಲಿ ನಿರುಪಮಾ ರಾವ್, 2013ರಲ್ಲಿ ಸುಜಾತಾ ಸಿಂಗ್ ಆ ಹುದ್ದೆಗೆ ಬಂದರು. ಗಂಡ ಹೆಂಡತಿ ಇಬ್ಬರೂ ವಿದೇಶಾಂಗ ಸೇವೆಯಲ್ಲಿರುವುದು ಈಗ ಅಪರೂಪವೇನಲ್ಲ.

ಬೇರೆಡೆ ಅಷ್ಟು ಬೇಗ ಆಗಲಿಲ್ಲ. ಏರ್ ಇಂಡಿಯಾ ಗಗನಸಖಿಯರು ಮೊದಲ ಸಲ ಗರ್ಭಿಣಿಯಾದ ಕೂಡಲೇ ಕೆಲಸ ಕಳೆದುಕೊಳ್ಳಬೇಕೆಂಬ ನಿಯಮ ಬಿದ್ದದ್ದು 1981ರಲ್ಲಿ, ಸುಪ್ರೀಂ ಕೋರ್ಟಿನಲ್ಲಿ. ಮಿಲಿಟರಿ ನರ್ಸಿಂಗ್ ಸೇವೆಯ ಅಧಿಕಾರಿಯೊಬ್ಬರನ್ನು ಮದುವೆಯಾದ ಕಾರಣಕ್ಕೆ 1988ರಲ್ಲಿ ತೆಗೆದುಹಾಕಿದ್ದರು, ಅಂದರೆ ಮುತ್ತಮ್ಮ ತೀರ್ಪು ಬಂದು ಒಂಬತ್ತು ವರ್ಷದ ಮೇಲೆ! ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2024ರ ಫೆಬ್ರುವರಿಯಲ್ಲಿ. ಒಂದು ಇಲಾಖೆಯಲ್ಲಿ ಸತ್ತ ನಿಯಮ ಇನ್ನೊಂದು ಇಲಾಖೆಯಲ್ಲಿ ಉಸಿರಾಡುತ್ತಲೇ ಇರುತ್ತದೆ. ನಿಯಮಗಳನ್ನು ಒಟ್ಟಾಗಿ ಜಾಲಾಡಿ ಎಂದು 1979ರಲ್ಲೇ ಹೇಳಿದ್ದನ್ನು ಕೇಳಿದ್ದರೆ ಆ ಅಧಿಕಾರಿಯ ಬದುಕಿನ ಮೂರೂವರೆ ದಶಕ ಉಳಿಯುತ್ತಿತ್ತು.

ಮುತ್ತಮ್ಮನವರು ಮದುವೆಯಾಗಲಿಲ್ಲವೇ?

ಇಲ್ಲ. ಅದು ಅವರ ಸ್ವಂತ ವಿಷಯ. ಆಗುವುದು ಬಿಡುವುದು ಅವರ ಇಷ್ಟವಾಗಿರಬೇಕಿತ್ತು, ಸರ್ಕಾರದ ಅಪ್ಪಣೆಯಾಗಬಾರದಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

ನಿವೃತ್ತಿಯ ನಂತರ ಏನು ಮಾಡಿದರು?

1982ರಲ್ಲಿ ನಿವೃತ್ತರಾದರು. ಆ ಹೊತ್ತಿಗೆ ಅವರು ಸ್ವೀಡನ್ನಿನ ರಾಜಕಾರಣಿ ಓಲೋಫ್ ಪಾಲ್ಮೆ ಅಧ್ಯಕ್ಷತೆಯ ನಿಶ್ಶಸ್ತ್ರೀಕರಣ ಮತ್ತು ಭದ್ರತೆ ಕುರಿತ ಸ್ವತಂತ್ರ ಆಯೋಗದ ಭಾರತೀಯ ಸದಸ್ಯೆಯಾಗಿದ್ದರು. ಅಮೆರಿಕದ ಮಾಜಿ ವಿದೇಶಾಂಗ ಸಚಿವ ಸೈರಸ್ ವ್ಯಾನ್ಸ್, ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್, ನೈಜೀರಿಯಾದ ಒಬಸಾಂಜೊ, ಸೋವಿಯತ್ ದೇಶದ ಅರ್ಬಾತೊವ್ ಅಂಥವರಿದ್ದ ಆಯೋಗ ಅದು. ಎದುರಾಳಿಯನ್ನು ಹೆದರಿಸಿ ಯಾರೂ ಸುರಕ್ಷಿತರಾಗಲಾರರು, ಅಣ್ವಸ್ತ್ರದ ಕಾಲದಲ್ಲಿ ಭದ್ರತೆ ಇಬ್ಬರಿಗೂ ಒಟ್ಟಿಗೇ ಇರಬೇಕು ಎಂಬ ವಿಚಾರವನ್ನು ಅದು 1982ರ ವರದಿಯಲ್ಲಿ ಮುಂದಿಟ್ಟಿತು. ಮುತ್ತಮ್ಮನವರ ಬಗ್ಗೆ ಬರೆಯುವವರು ಈ ಭಾಗವನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ, ಅದು ಸಲ್ಲದು.

ಆಡಳಿತ ವ್ಯವಸ್ಥೆಯ ಬಗ್ಗೆ ನಿಷ್ಠುರವಾದ ಪ್ರಬಂಧಗಳನ್ನು ಬರೆದು ಪುಸ್ತಕವಾಗಿ ತಂದರು. ಕೊಡವ ಅಡುಗೆಯ ಪುಸ್ತಕವೊಂದಕ್ಕೂ ಸಹಲೇಖಕಿ. ದೆಹಲಿಯಲ್ಲಿದ್ದ ತಮ್ಮ ಜಮೀನನ್ನು ಮದರ್ ತೆರೇಸಾ ಅವರ ಸಂಸ್ಥೆಗೆ ಅನಾಥ ಮಕ್ಕಳಿಗಾಗಿ ಬಿಟ್ಟುಕೊಟ್ಟರು. 2009ರ ಅಕ್ಟೋಬರ್ 14ರಂದು ಬೆಂಗಳೂರಿನಲ್ಲಿ, 85ನೇ ವಯಸ್ಸಿನಲ್ಲಿ ತೀರಿಕೊಂಡರು. ಬೆಂಗಳೂರಿನ ಮೌಂಟ್ ಕಾರ್ಮೆಲ್ ಕಾಲೇಜಿನಲ್ಲಿ ಓದಿದ್ದ ನಿರುಪಮಾ ರಾವ್ ವಿದೇಶಾಂಗ ಕಾರ್ಯದರ್ಶಿಯಾಗಿ ಆಗ ಎರಡೂವರೆ ತಿಂಗಳಾಗಿತ್ತು.

ಕರ್ನಾಟಕಕ್ಕೆ ನಂಟಿರುವ ಬೇರೆ ರಾಜತಾಂತ್ರಿಕರು ಯಾರು?

ಬೆನೆಗಲ್ ನರಸಿಂಗ ರಾಯರನ್ನು ಮೊದಲು ಹೆಸರಿಸಬೇಕು. ಸಂವಿಧಾನ ಸಭೆಯ ಸಲಹೆಗಾರರಾಗಿ ಅವರು ಹೆಚ್ಚು ಪರಿಚಿತರು. ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ, 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಸಿಡಿದಾಗ ಭದ್ರತಾ ಮಂಡಳಿಯ ಅಧ್ಯಕ್ಷಸ್ಥಾನದಲ್ಲಿದ್ದವರೂ ಅವರೇ. ಆಮೇಲೆ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅವರ ತಮ್ಮ ಬೆನೆಗಲ್ ರಾಮರಾಯರು ಅಮೆರಿಕದಲ್ಲಿ ರಾಯಭಾರಿಯಾಗಿದ್ದರು. ಕೊಡಗಿನವರೇ ಆದ ಜನರಲ್ ಕಾರ್ಯಪ್ಪ ಸೇನೆಯಿಂದ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಹೈಕಮಿಷನರ್ ಆಗಿದ್ದರು. ಇವರಲ್ಲಿ ಯಾರೂ ವಿದೇಶಾಂಗ ಸೇವೆಯ ಪರೀಕ್ಷೆ ಬರೆದು ಬಂದವರಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ವಿದೇಶಾಂಗ ಸೇವೆ, ಅಂದರೆ ಐಎಫ್‌ಎಸ್ ಸೇರಬಹುದೇ?

ಖಂಡಿತ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯೇ ದಾರಿ. ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಷ್ಟೇ ಇರುತ್ತದೆ, ಅದಕ್ಕೆ ಸಿದ್ಧರಾಗಬೇಕು. ಮೇನ್ಸ್ ಉತ್ತರಗಳನ್ನು ಕನ್ನಡದಲ್ಲಿ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಕಡ್ಡಾಯ ಇಂಗ್ಲಿಷ್ ಪತ್ರಿಕೆಯೊಂದನ್ನು ಪಾಸು ಮಾಡಿಕೊಳ್ಳಬೇಕು.

ಆಯ್ಕೆಯಾದವರಿಗೆ ಮೊದಲು ಮಸ್ಸೂರಿಯ ಲಾಲ್ ಬಹದ್ದೂರ್ ಶಾಸ್ತ್ರಿ ಅಕಾಡೆಮಿಯಲ್ಲಿ ಬೇರೆ ಸೇವೆಯವರ ಜೊತೆ ತರಬೇತಿ, ನಂತರ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆಯಲ್ಲಿ. ಆಮೇಲೆ ಒಂದು ವಿದೇಶಿ ಭಾಷೆಯನ್ನು ಹಂಚುತ್ತಾರೆ. ಅರಬ್ಬಿ, ಚೀನಿ, ರಷ್ಯನ್, ಸ್ಪ್ಯಾನಿಷ್, ಯಾವುದಾದರೂ ಆಗಬಹುದು. ಅದನ್ನು ಕಲಿತು ಪರೀಕ್ಷೆ ಪಾಸಾದರಷ್ಟೇ ಕೆಲಸ ಕಾಯಂ. ಮೂರನೇ ಕಾರ್ಯದರ್ಶಿಯಿಂದ ಶುರುವಾಗಿ ಎರಡನೇ, ಮೊದಲ ಕಾರ್ಯದರ್ಶಿ, ಕೌನ್ಸಿಲರ್, ಮಿನಿಸ್ಟರ್, ರಾಯಭಾರಿ ಎಂದು ಹುದ್ದೆಗಳು ಮೇಲೇರುತ್ತವೆ. ಮದುವೆಗೆ ಯಾರ ಅಪ್ಪಣೆಯೂ ಬೇಡ. ವಿದೇಶಿ ಪ್ರಜೆಯನ್ನು ವರಿಸುವುದಾದರೆ ಮಾತ್ರ ಅನುಮತಿಯ ನಿಯಮಗಳಿವೆ, ಅವು ಗಂಡಸರಿಗೂ ಅನ್ವಯಿಸುತ್ತವೆ.

ತೀರ್ಪನ್ನು ಓದಬೇಕೆಂದರೆ ಎಲ್ಲಿ ಸಿಗುತ್ತದೆ?

ಸಿ.ಬಿ. ಮುತ್ತಮ್ಮ ವಿರುದ್ಧ ಭಾರತ ಒಕ್ಕೂಟ, ಎಐಆರ್ (ಆಲ್ ಇಂಡಿಯಾ ರಿಪೋರ್ಟರ್ ಎಂಬ ತೀರ್ಪುಗಳ ಸಂಗ್ರಹ) 1979 ಸುಪ್ರೀಂ ಕೋರ್ಟ್ 1868. ಯಾವ ಕಾನೂನು ಕಾಲೇಜಿನ ಗ್ರಂಥಾಲಯದಲ್ಲೂ ಇರುತ್ತದೆ, ಅಂತರ್ಜಾಲದಲ್ಲಿ ಉಚಿತವಾಗಿಯೂ ಸಿಗುತ್ತದೆ. ಕೆಲವೇ ಪುಟಗಳ ತೀರ್ಪು, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಕೃಷ್ಣ ಅಯ್ಯರ್ ಅವರ ಇಂಗ್ಲಿಷ್ ಸ್ವಲ್ಪ ಬಿಗಿ, ನಿಘಂಟು ಪಕ್ಕದಲ್ಲಿರಲಿ.